ಆತು ತಗೋರಿ

ತೊಂಬತ್ತರ ದಶಕದ ಕೊನೆಗೆ, ಕಿತ್ತೂರು ಕಡೆಯ ಒಂದು ಕಾಲೇಜಿನಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತು. ಶನಿವಾರ ಸಂಜೆಯೊಳಗೆ ವಾಸಸ್ಥಳದ ದಾಖಲೆ ಕೊಡದಿದ್ದರೆ ಸೀಟು ಪಟ್ಟಿಯಲ್ಲಿ ನನ್ನ ಹಿಂದೆ ನಿಂತವರ ಪಾಲು. ಆ ದಾಖಲೆಗಾಗಿ ನಾನು ಅಲೆದ ತಾಲೂಕು ಕಚೇರಿ ಯಾವ ಊರಿನದು ಎಂದು ಹೇಳುವುದಿಲ್ಲ. ಸವದತ್ತಿಯವರು, ರಾಮದುರ್ಗದವರು, ಬೈಲಹೊಂಗಲದವರು ತಂತಮ್ಮದೇ ಎಂದುಕೊಂಡರೆ ನನ್ನದೇನೂ ಅಡ್ಡಿಯಿಲ್ಲ.

ಸೋಮವಾರ ಅರ್ಜಿ ಕೊಟ್ಟೆ. ಗುಮಾಸ್ತರು ಅದನ್ನು ಓದದೆ ಕಡತದ ಕೆಳಗೆ ಸೇರಿಸಿ, "ಆತು ತಗೋರಿ" ಅಂದರು.

ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಎದುರಾಳಿಯ ಒಂದೊಂದು ಪದವನ್ನೂ ಹಿಡಿದು ಎಳೆದವಳು ನಾನು. 'ಆತು' ಎಂದರೆ ಭೂತಕಾಲ, ಕೆಲಸ ಮುಗಿದಿದೆ. 'ತಗೋರಿ' ಎಂದರೆ ಹೇಳಿದವರ ಕೈಯಲ್ಲಿ ಕೊಡಲು ಏನೋ ಇದೆ. ಅವರ ಕೈಯಲ್ಲಿ ಚಹಾದ ಕಪ್ಪಿತ್ತು. ಹಾಗೆಂದು ಈ ಮಾತು ನನಗೆ ಹೊಸದೂ ಅಲ್ಲ. ಅವ್ವ ಹೇಳಿದ ಕೆಲಸಕ್ಕೆಲ್ಲ "ಆತು ತಗೋ" ಅಂದು ಪುಸ್ತಕದಿಂದ ಮುಖ ಎತ್ತದೆ ಕೂತವಳೂ ನಾನೇ. ಆದರೂ ಸರಕಾರದ ಬಾಯಿಂದ ಬಂದಾಗ ಅದಕ್ಕೊಂದು ವ್ಯಾಕರಣ ಇರುತ್ತದೆ ಎಂದು ನಂಬಿದೆ.

ಬುಧವಾರ ಹೋದರೆ ಅರ್ಜಿ ಅದೇ ಕಡತದ ಕೆಳಗಿತ್ತು.

"ಸೋಮವಾರ ಆತು ಅಂದಿದ್ರಿ," ಅಂದೆ.

"ಹೌದು."

"ಏನಾತ್ರಿ?"

"ನೀವು ಹೇಳಿದ್ದು ನನಗ ತಿಳೀತು. ಅದಾತು." ಅವರು ತಲೆ ಎತ್ತಲಿಲ್ಲ. "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ. ಬಂದ ಕೂಡ್ಲೆ ಸಹಿ ಆತು ತಗೋರಿ."

ಹೊರಗಿನ ಬೆಂಚಿನಲ್ಲಿ, ಹೊಲದ ಪಹಣಿ ಉತಾರಕ್ಕೆಂದು ಬಂದ ಮುದುಕರೊಬ್ಬರು ಕೂತಿದ್ದರು. ಮೊದಲು ಲಾರಿ ಓಡಿಸುತ್ತಿದ್ದವರಂತೆ. ಎಲ್ಲರೂ ಚಾಚಾ ಅನ್ನುತ್ತಿದ್ದರು. ಸರಿದು ಜಾಗ ಕೊಟ್ಟರು.

"ತಂಗಿ, ಅಂವ 'ಆಗೂದಿಲ್ಲ' ಅಂದಿದ್ರ ಚಲೋ ಇತ್ತು. ಜಗಳಾ ಮಾಡಬಹುದಿತ್ತು. ಆತು ಅಂದಾವನ ಕೂಡ ಏನಂತ ಜಗಳಾ ಮಾಡ್ತೀ?"

"ನಿಮ್ಮ ಕೆಲಸ ಆತೇನ್ರಿ?"

"ಹ್ವಾದ ವರ್ಷದಿಂದ ಆಗಾಕ ಹತ್ತೇತಿ."

ಒಪ್ಪಿಕೊಳ್ಳುತ್ತಲೇ ಹೋಗುವ ಎದುರಾಳಿಯನ್ನು ಸೋಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಗುರುವಾರ ಹೋದೆ, ಆತು. ಶುಕ್ರವಾರ ಹೋದೆ, ಆತು. ಶನಿವಾರ ಹನ್ನೊಂದು ಗಂಟೆಗೆ ಗುಮಾಸ್ತರು ಕಾಗದ ಚಾಚಿ, "ತಗೋರಿ" ಅಂದರು. ಈ ಸಲ 'ಆತು' ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೆಟ್ಟಿಲ ಮೇಲೆ ನಿಂತು ಓದಿದೆ. ನನ್ನ ಹೆಸರಿನ ಮೊದಲು 'ಕುಮಾರಿ' ಬದಲು 'ಕುಮಾರ' ಎಂದಿತ್ತು. ತಿರುಗಿ ಒಳಗೆ ಹೋದೆ.

"ನಾ ಹುಡಿಗಿ ಅದೀನ್ರಿ."

"ಕಾಣತೈತಲ್ಲ."

"ಈ ಕಾಗದದಾಗ ಕಾಣವಲ್ದು."

ಅವರು ಕನ್ನಡಕ ಏರಿಸಿ ನೋಡಿದರು. "ಒಂದು ಗುಡಿಸು ಬಿಟ್ಟೇತಿ, ಅಷ್ಟ. ತಿದ್ದಬೇಕಂದ್ರ ಸಾಹೇಬ್ರು ಮತ್ತ ಸಹಿ ಮಾಡಬೇಕು. ಸೋಮವಾರ ಬರ್ರಿ."

"ಸೋಮವಾರಕ್ಕ ಸೀಟ ಇರೂದಿಲ್ರಿ."

"ಹಂಗಾದ್ರ ಹಿಂಗ ಒಯ್ರಿ."

ಬೆಂಚಿನಿಂದ ಚಾಚಾ ಕೂಗಿ ಹೇಳಿದರು: "ಒಯ್ಯಿ ತಂಗಿ. ಗಂಡಸಾಗಿ ಹ್ವಾದ್ರ ಬಸ್ಸಿನಾಗ ಜಾಗಾರ ಸಿಗತೈತಿ."

ಜಾಗ ಸಿಗಲಿಲ್ಲ. ಎಲ್ಲಮ್ಮನ ಗುಡ್ಡದಿಂದ ಮರಳುವವರ ಗಂಟುಮೂಟೆಗಳ ನಡುವೆ ಒಂದೇ ಕಾಲಿನ ಮೇಲೆ ನಿಂತು ಮೂರು ವಾದ ಸಿದ್ಧಮಾಡಿಕೊಂಡೆ: ಅಕ್ಷರದೋಷ ವ್ಯಕ್ತಿಯ ದೋಷವಲ್ಲ, ಕಾಲೇಜಿನ ಅರ್ಜಿಗೆ ನನ್ನ ಭಾವಚಿತ್ರ ಅಂಟಿಸಿದೆ, ವಾಸಸ್ಥಳಕ್ಕೂ ಗಂಡುಹೆಣ್ಣಿಗೂ ಸಂಬಂಧವಿಲ್ಲ. ನಡುದಾರಿಯಲ್ಲಿ ಬಸ್ಸು ಬದಲಿಸಿ ಕಾಲೇಜು ಮುಟ್ಟುವ ಹೊತ್ತಿಗೆ ಮೂರೂ ನನಗೇ ಬೇಸರವಾಗಿದ್ದವು.

ಕಾಲೇಜಿನ ಕಚೇರಿಯಲ್ಲಿ ಮೇಡಮ್ಮೊಬ್ಬರು ಬೀಗದ ಕೈ ಹಿಡಿದೇ ಕೂತಿದ್ದರು. ಕಾಗದ ಓದಿ ನನ್ನನ್ನು ನೋಡಿದರು. ಮತ್ತೆ ಓದಿದರು.

"ಇಂವ ಯಾರು?"

"ನಾನ ರೀ."

"ತಿದ್ದಿಸಿಕೊಂಡು ತಂದು ಕೊಡಬೇಕು ನೋಡವಾ. ಸೋಮವಾರನ ತರಬೇಕು."

ಮೊದಲ ವಾದಕ್ಕೆ ಬಾಯಿ ತೆರೆದೆ. ಹೊರಬಿದ್ದದ್ದು ಬೇರೆ.

"ಆತು ತಗೋರಿ," ಅಂದೆ.

ಅವರು ತಗೊಂಡರು. ಠಸ್ಸೆ ಹೊಡೆದು ಕಡತಕ್ಕೆ ಸೇರಿಸಿ, ಕಪಾಟಿಗೆ ಬೀಗ ಹಾಕಿದರು. ಕೋರ್ಸು ಮುಗಿಯುವವರೆಗೂ ಆ ಕಪಾಟಿನಲ್ಲಿ ನಾನು ನಮ್ಮಪ್ಪನ ಮಗನಾಗಿಯೇ ಇದ್ದೆ. ತಿದ್ದಿಸಲು ನಾನು ಹೋಗಲಿಲ್ಲ. ಅವರೂ ಕೇಳಲಿಲ್ಲ.