ಚಿಗಟೇರಿ ಮಾವಿನ ಎಲೆ

ನಮ್ಮಣ್ಣ ಕಸಿ ಕಟ್ಟಿದರೆ ಒಣಗಿದ ಕಡ್ಡಿಯೂ ಚಿಗುರುತ್ತದೆ ಎಂಬ ಮಾತು ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿವರೆಗೆ ಇದೆ. ಯಾರಾದರೂ ಆ ಮಾತು ಎತ್ತಿದರೆ ಈಗ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಒಣಗಿದ ಕಡ್ಡಿ ಹೇಗೆ ಚಿಗುರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನರ್ಸರಿ ನಮ್ಮಿಬ್ಬರದು. ಕಸಿ ಕಟ್ಟುವುದು ಅವನ ಕೆಲಸ. ಗಾಡಿಯಲ್ಲಿ ಸಸಿ ಹೇರಿಕೊಂಡು ಕೊಟ್ಟೂರು, ಕೂಡ್ಲಿಗಿ ಸಂತೆ ತಿರುಗುವುದು ನನ್ನದು. ಹೋದ ವರ್ಷ ಚಿಗಟೇರಿಯಿಂದ ಒಬ್ಬ ಹೆಂಗಸು ಬಂದಳು. ಆಕೆಯ ಮನೆ ಮುಂದೆ ಒಂದು ಮಾವಿನ ಮರ, ಕಾಯಿಗೆ ಕರ್ಪೂರದ ವಾಸನೆ. ಅದರ ಉಪ್ಪಿನಕಾಯಿ ಮಾರಿಯೇ ಆಕೆ ಸಂಸಾರ ತೂಗಿಸಿದ್ದು. ರಸ್ತೆ ಅಗಲ ಮಾಡುವವರು ಕಡಿಯುವ ಗುರುತಿಗೆ ಮರಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಗೊರಟ ನೆಟ್ಟರೆ ಅದೇ ಗುಣ ಬರುತ್ತದೆಂಬ ಖಾತ್ರಿ ಇಲ್ಲ. ಕಸಿ ಕಟ್ಟಿದರೆ ಮಾತ್ರ ಅದೇ ಮರ ಮತ್ತೆ ಹುಟ್ಟಿದ ಹಾಗೆ.

ಕಸಿಗೆ ಕಡ್ಡಿ ಕೊಯ್ಯುವ ರೆಂಬೆಗಳ ಎಲೆ ಮೊದಲೇ ಸವರಿ ಬಿಡಬೇಕು, ಆಗ ತುದಿಯ ಮೊಗ್ಗು ಉಬ್ಬುತ್ತದೆ. ಸವರಲು ಹೋದವನು ನಾನೇ. ಕಿರಿದಾದ ಎಲೆ, ಅಂಚು ನೆರಿಗೆ ನೆರಿಗೆ, ತುದಿ ಒಂದು ಕಡೆಗೆ ತಿರುಚಿಕೊಂಡದ್ದು. ಹಿಸುಕಿದರೆ ಕಾಯಿಯ ವಾಸನೆಯೇ. ಸೋಪು ಹಚ್ಚಿ ತೊಳೆದರೂ ಅವತ್ತು ಕೈಯಿಂದ ಅದು ಹೋಗಲಿಲ್ಲ. ಮುಂದಿನ ವಾರ ಆಕೆ ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅಣ್ಣನ ಕೈಗೆ ಕೊಟ್ಟಳು.

ಸಸಿಗಳು ಚಿಗುರಿದವು. ಎಳೆಯ ಎಲೆ ಯಾವ ತಳಿಯದಾದರೂ ತಾಮ್ರದ ಬಣ್ಣದ್ದು, ಮೆತ್ತಗೆ ಜೋತು ಬಿದ್ದಿರುತ್ತದೆ. ನೋಡಿ ಏನೂ ಹೇಳಲಾಗದು. ಅಷ್ಟರಲ್ಲಿ ಚಿಗಟೇರಿಯಲ್ಲಿ ಆಕೆಯ ಮರ ಕಡಿದರು. ಎಲೆ ಬಲಿತ ಮೇಲೆ ಒಂದು ಬೆಳಿಗ್ಗೆ ನೀರು ಬಿಡುತ್ತಾ ನೋಡಿದೆ. ಅಗಲ ಎಲೆ, ನೆಟ್ಟಗಿನ ಅಂಚು. ಒಂದನ್ನು ಕಿತ್ತು ಹಿಸುಕಿ ಮೂಸಿದೆ, ಬರೀ ಹಸಿರು ವಾಸನೆ. ಇನ್ನೊಂದು, ಮತ್ತೊಂದು. ಒಂದರ ತದ್ರೂಪು ಇನ್ನೊಂದು, ಆದರೆ ಯಾವುದೂ ಚಿಗಟೇರಿಯದಲ್ಲ.

ಅಣ್ಣ ಶೆಡ್ಡಿನಲ್ಲಿ ಮಂಡಕ್ಕಿ ಮುಕ್ಕುತ್ತಿದ್ದ. ಕಿತ್ತ ಎಲೆಗಳನ್ನು ಅವನ ಮುಂದೆ ಹಿಡಿದೆ.

"ಹೌದಲೇ, ಆಕಿ ಮರದ್ದಲ್ಲ, ಬೇನಿಶಾ ಮಾವು ಕಟ್ಟೀನಿ," ಎಂದ. "ಮದುವಿಗೆ ಹೋಗಿದ್ನಿ, ಆಕಿ ಕಡ್ಡಿ ಬಿಸಿಲಾಗ ಉಳಿದು ಒಣಗಿದ್ವು. ಏನೀಗ?"

"ಆಕಿಗೆ ಹೇಳಾಕ ಏನಾಗಿತ್ತು ನಿನಗ?"

"ಹೇಳಿ ಹೆಸರು ಕೆಡಿಸ್ಕೊಳ್ಳೋದಾ? ಕಾಯಿ ಬಿಡೋತನಕ ಯಾರಿಗೆ ಗೊತ್ತಾಗ್ತೈತಿ? ಆಮ್ಯಾಲೆ ಕೇಳಿದ್ರ, ನಿಮ್ಮ ಮಣ್ಣಿನ ಗುಣ ಬ್ಯಾರೆ ಅಂದ್ರಾತು."

ಇಷ್ಟು ಹೇಳಿ ಮೆಣಸಿನಕಾಯಿ ಬಜ್ಜಿ ಕಚ್ಚಿದ. ಬಾಯಿ ಸುತ್ತ ಎಣ್ಣೆ. ಒಡಹುಟ್ಟಿದವನ ಮುಖ ನೋಡಿ ವಾಂತಿ ಬರುವಂತಾಗುತ್ತದೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮಣ್ಣಿನ ಮೇಲೂ ತಪ್ಪು ಹೊರಿಸುವ ಜಾತಿ ನಮ್ಮದು, ಥೂ.

ಸಸಿ ಒಯ್ಯಲು ಆಕೆ ಬಂದಾಗ ಅಣ್ಣ ಹಲ್ಲು ಕಿರಿಯುತ್ತಾ ಎದ್ದು ನಿಂತ. "ನೋಡ್ರಿ ಯಮ್ಮಾ, ನಿಮ್ಮ ಮರ ಹೆಂಗ ಚಿಗತೈತಿ!"

ನನಗೆ ತಡೆಯಲಾಗಲಿಲ್ಲ. "ಇವು ನಿಮ್ಮ ಮರದವು ಅಲ್ರಿ. ಎಲಿ ಹಿಸುಕಿ ನೋಡ್ರಿ," ಎಂದೆ.

ಆಕೆ ಹಿಸುಕಿ ಮೂಸಿದಳು. ಬಗ್ಗಿ ಮತ್ತೊಂದು ಸಸಿಯದನ್ನೂ ಮೂಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ನನ್ನ ಕಡ್ಡಿ?"

"ಒಣಗಿದ್ವು ಯಮ್ಮಾ," ಎಂದ ಅಣ್ಣ, ನನ್ನನ್ನು ದುರುಗುಟ್ಟಿ ನೋಡುತ್ತಾ. "ತಂದ ಎರಡು ದಿನಕ್ಕ ಒಣಗಿದ್ವು. ಇವನ್ನ ಒಯ್ಯಿರಿ, ಬೇನಿಶಾ ಚಲೋ ತಳಿ."

ಆಕೆ ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

"ಎರಡು ದಿನಕ್ಕ ಒಣಗಿದ್ವಾ?" ಎಂದಳು. "ಆಮ್ಯಾಲೆ ಎರಡು ತಿಂಗಳು ಮರ ನಿಂತಿತ್ತಲ್ಲೋ ಯಪ್ಪಾ. ಒಂದು ಮಾತು ಹೇಳಿದ್ರ ಇನ್ನೊಂದು ಹೊರಿ ಕಡ್ಡಿ ಕೊಯ್ದು ತರ್ತಿದ್ನಲ್ಲ."