ದಿನಕ್ಕೊಂದೇ ಶ್ಲೋಕ

ದೇವರ ಪುಸ್ತಕವನ್ನು ನನ್ನಷ್ಟು ಬೇಗ ಓದಿದವರು ನಮ್ಮ ತಾಲೂಕಿನಲ್ಲೇ ಇಲ್ಲ. ಏಳು ದಿನದ ಪಾರಾಯಣವನ್ನು ಒಂದ್ಸಲ ಮೂರೇ ದಿನಕ್ಕೆ ಮುಗಿಸಿ, ಮಂಗಳಾರತಿಯ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಎಲ್ಲರೂ ಕೈಮುಗಿದರು. ಅದರಲ್ಲಿ ಏನಿತ್ತು ಅಂತ ಒಬ್ಬರು ಕೇಳಿದ್ರೂ ನಾನು ಅವತ್ತೇ ಸನ್ಯಾಸ ತಗೊಂಡು ಊರು ಬಿಡಬೇಕಿತ್ತು.

ಆ ಫೋಟೊ ನೋಡಿಯೇ ಸರೋಜತ್ತೆ ನನ್ನನ್ನು ಹಿಡಿದದ್ದು. ಅಪ್ಪನ ತಂಗಿ, ಕೊಪ್ಪದಲ್ಲಿ ರವಿಕೆ ಹೊಲೀತಾಳೆ. ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ಲು. ಒಂದು ತಿಂಗಳು ಸೂಜಿಯೂ ಮುಟ್ಟಬಾರದು, ಪುಸ್ತಕವೂ ಮುಟ್ಟಬಾರದು ಅಂತ ಡಾಕ್ಟರ ಕಟ್ಟಪ್ಪಣೆ. ಸೂಜಿ ಬಿಟ್ಟದ್ದಕ್ಕೆ ಅವಳಿಗೇನೂ ಬೇಜಾರಿಲ್ಲ. ಮಾವ ತೀರಿಹೋದಲ್ಲಿಂದ ಒಂದು ದಿನವೂ ತಪ್ಪಿಸದ ಬೆಳಗಿನ ಓದು ನಿಂತುಹೋಗ್ತದಲ್ಲ ಅಂತ ಅಳು. ಆಪರೇಷನ್ ಆದ ಕಣ್ಣು, ಅಳೋದಕ್ಕೂ ಪರ್ಮಿಷನ್ ಇಲ್ಲ.

"ಮೂರು ದಿನಕ್ಕೆ ಮುಗಿಸಿದ್ಯಂತಲ್ಲ ಮಾರಾಯ. ನಂಗೂ ಸ್ವಲ್ಪ ಓದಿ ಹೇಳು" ಅಂದ್ಲು.

ನಾನು ಹರಿಹರಪುರದಿಂದ ಬಸ್ಸು ಹತ್ತಿ ಕೊಪ್ಪದ ಝೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಬರೋನು. ಅಂಗಡಿ ಬಾಗಿಲು ತೆಗೆಯೋ ಮುಂಚೆ ಅತ್ತೆ ಮನೆಗೆ ಹೋದೆ. ಗಂಟಲು ಸರಿಮಾಡಿಕೊಂಡು ಶುರುಮಾಡಿದ್ದೇ ಸೈ, ನಮ್ಮ ಮಿಷಿನ್ನಿನಿಂದ ಹಾಳೆ ಬಿದ್ದ ಹಾಗೆ ಶ್ಲೋಕಗಳು ದಬದಬ ಬಿದ್ದವು. ಅರ್ಧ ಅಕ್ಷರ ನುಂಗಿದ್ದು ಯಾರಿಗೂ ಗೊತ್ತಾಗಬಾರದು ಅಂದ್ರೆ ಸ್ಪೀಡ್ ಬೇಕು ನೋಡಿ.

"ನಿಲ್ಲು ಮಾಣಿ, ಹಿಂದೆ ನಾಯಿ ಅಟ್ಟಿಸಿಕೊಂಡು ಬಂತಾ? ಒಂದೇ ಶ್ಲೋಕ ಓದು. ಆಮೇಲೆ ಬಾಯಿ ಮುಚ್ಚಿ ಕೂತ್ಕೊ."

ಒಂದೇ ಶ್ಲೋಕ ನಿಧಾನಕ್ಕೆ ಓದಿದಾಗ ನನ್ನ ಬಂಡವಾಳ ಬಯಲಾಯ್ತು. ಉದ್ದದ ಪದ ಬಂದ್ರೆ ಎಡವೋದು, ವಾಪಸ್ ಬಂದು ಮತ್ತೆ ಹತ್ತೋದು, ಅರ್ಧಕ್ಕೆ ಉಸಿರು ಕಟ್ಟೋದು. ನನ್ನ ಬಾಯಿಂದ ಹೊರಬೀಳುವಷ್ಟರಲ್ಲಿ ದೇವರೇ ಕುಂಟುತ್ತಿದ್ದ. ದಿನಾ ಇದೇ ಪಾಡು. ಆಮೇಲಿನ ಮೌನ ಅದಕ್ಕಿಂತ ಕಷ್ಟ. ಮೂಗು ತುರಿಸ್ತದೆ, ಜೇಬಲ್ಲಿ ಮೊಬೈಲು ನಡುಗ್ತದೆ, ಪಕ್ಕದ ಮನೆಯ ದೋಸೆ ಚುಂಯ್ ಅಂತದೆ. ಅತ್ತೆ ಮಾತ್ರ ಕಣ್ಣು ಮುಚ್ಚಿ, ಮಾವಿನಮಿಡಿ ಚೀಪುವ ಹಾಗೆ ಆ ಒಂದು ಸಾಲನ್ನೇ ಚೀಪ್ತಾ ಕೂತಿರ್ತಿದ್ಲು.

ಎರಡನೇ ವಾರ ನರಸಿಂಹರಾಜಪುರದಲ್ಲಿ ಗೆಳೆಯನ ಮದುವೆ. ಗಡಿಬಿಡಿಯಲ್ಲಿ ಅತ್ತೆಯ ಓದು ಮರೆತೇ ಹೋಯ್ತು. ಪಂಕ್ತಿಯಲ್ಲಿ ಪಾಯಸ ಬಡಿಸುವಾಗ ನೆನಪಾಯ್ತು. ಅಷ್ಟು ವರ್ಷದ ನಿಷ್ಠೆಯನ್ನು ನಾನೊಬ್ಬ ಮುರಿದುಹಾಕಿದೆ! ಪಾಯಸ ಗಂಟಲಲ್ಲಿ ಇಳೀಲಿಲ್ಲ. ಸುಳ್ಳೆಂತಕ್ಕೆ, ಎರಡನೇ ಸಲ ಹಾಕಿಸಿಕೊಂಡದ್ದು ಇಳೀಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕಳ್ಳನ ಹಾಗೆ ಅತ್ತೆ ಮನೆ ಬಾಗಿಲಲ್ಲಿ ನಿಂತೆ. "ತಪ್ಪಾಯ್ತು ಅತ್ತೆ. ಇವತ್ತು ಎರಡು ಓದ್ತೇನೆ."

"ಎರಡೆಂತಕ್ಕೆ? ಮೊನ್ನೆದೇ ನಂಗೆ ಇನ್ನೂ ಮುಗೀಲಿಲ್ಲ" ಅಂದವಳು ಮೊನ್ನೆಯ ಶ್ಲೋಕ ಹೇಳಿದ್ಲು. ಒಂದಕ್ಷರ ತಪ್ಪಿಲ್ಲ. ಹಾಗೇ ಮುಂದಿನದ್ದು, ಅದರ ಮುಂದಿನದ್ದು, ನಾನಿನ್ನೂ ಓದದೇ ಇದ್ದದ್ದು!

"ನಿಂಗೆ ಪೂರ್ತಿ ಬಾಯಿಪಾಠವಾ! ಹಂಗಾದ್ರೆ ನಂಗೆಂತಕ್ಕೆ ಬೆಳಬೆಳಿಗ್ಗೆ ಈ ಶಿಕ್ಷೆ?"

"ಬಾಯಿಪಾಠ ಆದದ್ದು ಬಾಯಲ್ಲೇ ಓಡಿಹೋಗ್ತದೆ ಮಾರಾಯ. ಎಷ್ಟೋ ವರ್ಷ ನಾನೂ ಸುಮ್ನೆ ಓಡಿದ್ದೇ. ನೀನು ಪದಪದಕ್ಕೂ ಎಡವ್ತೀಯಲ್ಲ, ಅಲ್ಲಲ್ಲಿ ನಾನೂ ನಿಲ್ತೇನೆ. ನಿಂತಾಗ ಎಂತೆಂತದೋ ಕಾಣ್ತದೆ."

ಶಾಲೆಯಲ್ಲಿ ಇದೇ ತಡವರಿಕೆಗೆ ನನ್ನ ಕಿವಿ ಎಷ್ಟು ಸಲ ಕೆಂಪಾಗಿದೆಯೋ ಲೆಕ್ಕ ಇಲ್ಲ. ಅದರಿಂದ ಒಬ್ಬರಿಗೆ ಉಪಕಾರ ಆದದ್ದು ಇದೇ ಮೊದಲು. ಅವತ್ತು ಅಂಗಡಿಗೆ ಹೋಗುವಾಗ ಆ ಖುಷಿಗೆ ಯಾರ ಕಾಲಿಗೆ ಬೀಳೋದು ಅಂತ ಗೊತ್ತಾಗದೆ ಸಿಕ್ಕಿದವರನ್ನೆಲ್ಲ ನೋಡಿ ನಗಾಡ್ತಾ ಹೋದೆ.

ಈಗ ಅತ್ತೆಗೆ ಕನ್ನಡಕ ಬಂದಿದೆ, ಸೂಜಿಗೆ ದಾರ ತಾನೇ ಪೋಣಿಸ್ತಾಳೆ. ಪುಸ್ತಕ ಮಾತ್ರ ನನ್ನ ಕೈಗೇ ಕೊಡ್ತಾಳೆ. ಒಂದು ಸಾಲು ನನ್ನ ಜೊತೆಗೂ ಅಂಗಡಿಗೆ ಬಂದು ಸಂಜೆವರೆಗೆ ಕೂತಿರ್ತದೆ. ಇನ್ನು ನನಗಿರೋ ಭಯ ಒಂದೇ. ಹೀಗೆ ದಿನಾ ಓದಿ ಓದಿ, ಎಲ್ಲಿ ಸರಿಯಾಗಿ ಓದೋಕೆ ಬಂದುಬಿಡ್ತದೋ ಅಂತ.