ಕುಮಹೇಯಿ ಕತ್ತರಿಸದ ಗರಿ

ಕುಮಹೇಯಿಗೆ ಓರೆಕೋರೆ ಕಂಡರೆ ಆಗುತ್ತಿರಲಿಲ್ಲ. ಜಪಾನಿನ ವಕಾಯಾಮಾ ಕಡಲ ದಂಡೆಯ ನಮ್ಮೂರಿನಲ್ಲಿ ಮೂವತ್ತೆಂಟು ವರ್ಷದಿಂದ ಕ್ಷೌರದಂಗಡಿ ಇಟ್ಟಿದ್ದ ಮನುಷ್ಯ. ಸಾರಿನಲ್ಲಿ ತೇಲುವ ಈರುಳ್ಳಿ ಚೂರು ಉದ್ದಗಿಡ್ಡವಾಗಿದ್ದರೆ ಊಟದ ಕಡ್ಡಿಯಿಂದ ಆರಿಸಿ ಬದಿಗಿಡುತ್ತಿದ್ದ. ಒಮ್ಮೆ ಪಕ್ಕದ ಮನೆಯ ಬೆಕ್ಕಿನ ಮೀಸೆ ಸಮ ಮಾಡಿಬಿಟ್ಟ. ಆ ಮನೆಯವರು ಎರಡು ವರ್ಷ ಮಾತು ಬಿಟ್ಟರು.

ಅಂಗಡಿಯ ಮುಂದೆ, ಊರ ಸಂಘದ ಜಾಗದಲ್ಲಿ, ಒಂದು ದಪ್ಪ ಈಚಲು ಮರ. ಅಂಗಡಿ ತೆರೆದ ದಿನ ಅವನೂ ಹೆಂಡತಿ ಟೋಕಿಯೆಯೂ ನೆಟ್ಟದ್ದು. ಗಿರಾಕಿಗಳು ಕಡಿಮೆಯಾದ ಮೇಲೆ ಅವನಿಗೆ ಬೆಳಗಿನ ಹರಟೆಗೆ ಆ ಮರವೇ ಗತಿ. ನಿಜ ಹೇಳಬೇಕೆಂದರೆ ಅದರ ಮೇಲೆ ಅವನಿಗೆ ಪ್ರಾಣ.

ಆದರೂ ಒಂದು ಚಳಿಗಾಲ, ಚಳಿ ತಡೆಯುವ ಹುಲ್ಲಿನ ಚಾಪೆಯನ್ನು ಅದಕ್ಕೆ ಸುತ್ತಲಿಲ್ಲ. ಊರಿನವರೆಲ್ಲ ತಮ್ಮ ತಮ್ಮ ಗಿಡಗಳಿಗೆ ಸುತ್ತಿದರು. ಇವನು ಮಾತ್ರ, "ಚಾಪೆ ಸೊಟ್ಟಗೆ ಕೂರುತ್ತೆ, ನೋಡೋಕಾಗಲ್ಲ" ಎಂದು ಸುಮ್ಮನಾದ. ಜನವರಿಯಲ್ಲಿ ಯಾರೂ ಕಂಡರಿಯದ ಹಿಮ ಸುರಿಯಿತು.

ಬೆಳಿಗ್ಗೆ ಎದ್ದು ನೋಡಿದರೆ ಗರಿಗಳೆಲ್ಲ ಸೆಟೆದುಕೊಂಡಿವೆ. ಕುಮಹೇಯಿ ಒಂದು ಕ್ಷಣವೂ ಯೋಚಿಸಲಿಲ್ಲ. ಒರಟು ಗಡ್ಡದವರು ಬಂದರೆ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಹಬೆಯಲ್ಲಿಟ್ಟಿದ್ದ ಬಿಸಿ ಟವೆಲುಗಳನ್ನು, ಒಟ್ಟು ನಲವತ್ತು, ಏಣಿ ಹತ್ತಿ ಮರದ ನೆತ್ತಿಗೆ ಸುತ್ತಿದ. ಹಬೆ ಎದ್ದದ್ದನ್ನು ಹೊಗೆ ಎಂದುಕೊಂಡು ಬೀದಿಯವರು ಬಕೆಟ್ ಹಿಡಿದು ಓಡಿ ಬಂದರು.

ಮರುದಿನ ನಲವತ್ತು ಟವೆಲುಗಳೂ ಹೆಪ್ಪುಗಟ್ಟಿ ಹಲಗೆಯಾಗಿದ್ದವು. ಟೋಕಿಯೆ ಬೆರಳಿನಿಂದ ತಟ್ಟಿದಳು. ಟಕ್, ಟಕ್.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಮರಕ್ಕೆ ಗಡ್ಡ ಬೋಳಿಸೋಕೆ ಹೊರಟಿದ್ರಾ?"

"ಚಳಿ ಆಗ್ತಿತ್ತು ಕಣೇ ಅದಕ್ಕೆ."

"ಈಗ ಸೆಕೆ ಆಗ್ತಿದ್ಯಾ?"

ಹದಿನೈದು ದಿನದಲ್ಲಿ ಗರಿಗಳೆಲ್ಲ ಕಂದಿದವು. ನಡುವಿನ ಎಳೆ ಸುಳಿಯನ್ನು ಮೆಲ್ಲಗೆ ಹಿಡಿದರೆ, ಅದು ಕಿತ್ತು ಕೈಗೇ ಬಂತು. ಬುಡದಲ್ಲಿ ಕೊಳೆತ ವಾಸನೆ. ಕುಮಹೇಯಿ ಏಣಿಯ ಮೇಲೇ ಕೂತು, "ಕೊಂದುಬಿಟ್ಟೆ ಕಣೇ, ನಾನೇ ಕೊಂದುಬಿಟ್ಟೆ!" ಎಂದು ಅತ್ತ.

ಸಸಿ ಮಾರುವ ಶಿಗೆಮಿ ಬಂದು ಏಣಿ ಹತ್ತಿ ಬಗ್ಗಿ ನೋಡಿದಳು. "ಒಳಗೆ ಇನ್ನೂ ಜೀವ ಇರಬಹುದು. ಗಾಯ ತೊಳಿಯೋ ಔಷಧಿ ಕೊಡಿ."

ಕ್ಷೌರದಂಗಡಿಯಲ್ಲಿ ಅದಕ್ಕೇನು ಬರ! ಅವಳು ಸುರಿದ ಕೂಡಲೇ ಸುಳಿಯ ಗುಂಡಿಯಲ್ಲಿ ಬಿಳಿ ನೊರೆ ಬುಸುಗುಟ್ಟಿತು. "ಮಳೆ ನೀರು ಇಳೀದ ಹಾಗೆ ಏನಾದ್ರೂ ಕಟ್ಟಿ. ನಾನು ಹೇಳೋವರೆಗೂ ಬಿಚ್ಬೇಡಿ. ಮತ್ತೆ ಕುಮಹೇಯಿ ಸಾನ್, ಒಂದೇ ಒಂದು ಗರಿ ಕತ್ತರಿಸಿದ್ರೂ ನನ್ನ ಹತ್ರ ಬರ್ಬೇಡಿ. ಒಣಗಿದ್ರೇನಂತೆ, ಸುಳಿಗೆ ಅವೇ ಹೊದಿಕೆ."

ಕುಮಹೇಯಿ ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಮರದ ನೆತ್ತಿಯ ಮೇಲೆ ಗುಡಾರದ ಹಾಗೆ ಕಟ್ಟಿದ. ಸಂಘದ ಅಧ್ಯಕ್ಷ ಅಜುಮಾ ಸೊಂಟಕ್ಕೆ ಕೈಯಿಟ್ಟು ನೋಡಿದ. "ಕ್ಷೌರದಂಗಡಿ ಮುಂದೆನೇ ಇಂಥ ತಲೆ! ಜೂನ್ ಮೊದಲ ಭಾನುವಾರ ಊರು ಗುಡಿಸೋ ದಿನ. ಅಷ್ಟರಲ್ಲಿ ಹಸಿರು ಕಾಣದಿದ್ರೆ ಗರಗಸ ತರ್ತೀನಿ."

ಆಮೇಲಿನ ನಾಲ್ಕು ತಿಂಗಳು ಕುಮಹೇಯಿ ಪಟ್ಟ ಪಾಡು ನಾಯಿಗೂ ಬೇಡ. ಕಣ್ಣೆದುರಿಗೇ ಒಣಗಿ ಕೆದರಿದ ತಲೆ, ಕೈಯಲ್ಲಿ ಕತ್ತರಿ. ಊಟ ಮಾಡುವಾಗಲೂ ಎರಡು ಬೆರಳು ತಮ್ಮಷ್ಟಕ್ಕೆ ಗಾಳಿಯನ್ನು ಕತ್ತರಿಸುತ್ತಿದ್ದವು. ಟೋಕಿಯೆ ಸಂಜೆಯಾದ ಕೂಡಲೇ ಕತ್ತರಿಗಳನ್ನು ಉಪ್ಪಿನಕಾಯಿಗೆಂದು ಮೂಲಂಗಿ ಹುದುಗಿಸಿಟ್ಟ ತೌಡಿನ ಜಾಡಿಯಲ್ಲಿ ಬಚ್ಚಿಡತೊಡಗಿದಳು. ಗಿರಾಕಿಯೊಬ್ಬ, "ಕಿವಿ ಹತ್ರ ಉಪ್ಪಿನಕಾಯಿ ವಾಸನೆ ಬರ್ತಿದೆಯಲ್ಲ" ಎಂದು ಮೂಗು ಅರಳಿಸಿದ. "ಹೊಸ ಎಣ್ಣೆ ಸ್ವಾಮಿ" ಎಂದ ಕುಮಹೇಯಿ.

ಜೂನ್ ಮೊದಲ ಭಾನುವಾರ ಬಂತು. ಅಜುಮಾ ಗರಗಸ ಹೊತ್ತು ತಂದ. ಬೀದಿಯವರೆಲ್ಲ ಪೊರಕೆ ಹಿಡಿದು ಸೇರಿದರು. ಶಿಗೆಮಿ ಇನ್ನೂ ಬಂದಿರಲಿಲ್ಲ. ಅಜುಮಾ ಕಾಯುವ ಆಸಾಮಿಯೇ? ಏಣಿ ಹತ್ತಿ ದಾರ ಎಳೆದ, ಬಟ್ಟೆ ಜಾರಿತು.

ಕಂದು ಗರಿಗಳ ನಡುವೆ ಒಂದು ಹಸಿರು ಗರಿ!

ಕುಮಹೇಯಿ ಬಾಯಿ ತೆರೆದ. ಕೂಗು ಹೊರಡುವ ಮೊದಲೇ ಎಲ್ಲರ ಕಣ್ಣು ಗರಿಯ ತುದಿಗೆ ಹೋಯಿತು. ಎಳೆಗಳ ತುದಿಗಳೆಲ್ಲ ಕತ್ತರಿ ಹಾಕಿದಷ್ಟು ಮಟ್ಟಸವಾಗಿ ತುಂಡಾಗಿದ್ದವು.

"ರೀ! ಕೊನೆಗೂ ಕೈ ಹಾಕ್ಬಿಟ್ರಾ!" ಟೋಕಿಯೆ ಕೂಗಿದಳು.

"ನನ್ನಾಣೆ, ನಾನು ಮುಟ್ಟಿಲ್ಲ!"

"ಬೆಕ್ಕಿನ ದಿನವೂ ಇದೇ ಮಾತು ಹೇಳಿದ್ರಿ" ಎಂದಳು ಪಕ್ಕದ ಮನೆಯವಳು.

ಜೀವಮಾನದಲ್ಲಿ ಕತ್ತರಿಸದೆ ಬಿಟ್ಟದ್ದು ಅದೊಂದನ್ನೇ. ಅದಕ್ಕೇ ಸಿಕ್ಕಿಬಿದ್ದನಲ್ಲ ಪಾಪ! ಅವನಿಗೆ ದುಃಖ ಉಕ್ಕಿ ಬಂತು.

ಅಷ್ಟರಲ್ಲಿ ಸೈಕಲ್ ಇಳಿದ ಶಿಗೆಮಿ ಮೇಲೆ ನೋಡಿ ಹೊಟ್ಟೆ ಹಿಡಿದು ನಕ್ಕಳು. "ಅವರ ಕೆಲಸ ಅಲ್ಲ ಬಿಡ್ರೀ. ಹಿಮ ಬಿದ್ದಾಗ ಈ ಗರಿ ಸುಳಿಯೊಳಗೆ ಮಡಚ್ಕೊಂಡು ಮಲಗಿತ್ತು. ತುದಿಯೆಲ್ಲ ಅಲ್ಲೇ ಒಟ್ಟಿಗೆ ಚಳಿಗೆ ಸುಟ್ಟೋಗಿದೆ, ಅದಕ್ಕೇ ಇಷ್ಟು ಮಟ್ಟಸ. ಮುಂದೆ ಬರೋವು ಸರಿಯಾಗೇ ಇರ್ತವೆ. ಮರ ಬದುಕ್ತು."

ಅಜುಮಾ ಏಣಿ ಇಳಿದು ಗರಗಸ ಕೆಳಗಿಟ್ಟ. ಟೋಕಿಯೆ ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದು ಗಂಡನ ಕೈಗಿತ್ತಳು. ಅವನು ಅಳುತ್ತಲೇ ಏಣಿ ಹತ್ತಿ ಹೊಸ ಗರಿಯನ್ನು ಹತ್ತಿರದಿಂದ ನೋಡಿದ. ಎಡಗಡೆ ಒಂದು ಬೆರಳಿನಷ್ಟು ಹೆಚ್ಚು ಉದ್ದವಿತ್ತು.

ಕೈ ಮುಂದಕ್ಕೆ ಹೋಯಿತು. ಕೆಳಗೆ ಪೊರಕೆಗಳೆಲ್ಲ ನಿಂತವು. ಆ ಕೈ ಗರಿಯ ಬೆನ್ನು ಸವರಿ ಹಿಂದಕ್ಕೆ ಬಂತು.

ಆ ಗರಿ ಇವತ್ತಿಗೂ ಹಾಗೇ ಇದೆ. ಸಮ ಮಾಡಿಬಿಡಿ ಎಂದು ಯಾರಾದರೂ ಬಾಯಿ ತೆರೆದರೆ ಕುಮಹೇಯಿ ಬಾಚಣಿಗೆ ಎತ್ತಿಕೊಂಡು ಹೊಡೆಯಲು ಬರುತ್ತಾನೆ.